ಫಕ್ಕೀರವ್ವನ ಒಳಕಲ್ಲು

ನಮ್ಮೂರ ಹೋಟೆಲಿನಲ್ಲಿ ಚಹಾದ ಕಪ್ಪನ್ನು ಎಂದೂ ತುಂಬ ಕೊಡುವುದಿಲ್ಲ. ಮೇಲೆ ಒಂದು ಬಟ್ಟು, ಅಂದರೆ ಬೆರಳಗಲ, ಖಾಲಿ ಬಿಟ್ಟೇ ಕೊಡುತ್ತಾರೆ. ಪರವೂರಿನವರು ಬಂದರೆ, "ಏನ್ರಿ, ಇಷ್ಟ್ಯಾಕ ಜೀನರಿದ್ದೀರಿ?" ಎಂದು ಕೇಳುತ್ತಾರೆ. ಹೋಟೆಲಿನ ಮೌಲಾಸಾಬ ನಕ್ಕು ಸುಮ್ಮನಾಗುತ್ತಾನೆ. ಹೇಳಿದರೂ ಅವರೇನು ನಂಬುತ್ತಾರೆಯೇ? ಹೊಳೆ ಬರುವ ದಿನ ನಮ್ಮೂರಲ್ಲಿ ನೀರು ವಾಲುತ್ತದೆ, ತುಂಬಿದ್ದೆಲ್ಲ ಚೆಲ್ಲುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಕೊಡದಲ್ಲಿ, ಬಕೆಟ್ಟಿನಲ್ಲಿ, ದೇವರ ಮುಂದಿನ ತಂಬಿಗೆಯಲ್ಲಿ, ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಅದು ಹೊಳೆಯ ಕಡೆ ಏರಿ, ಊರ ಕಡೆ ಇಳಿದು, ಸೊಟ್ಟಗೆ ನಿಂತಿರುತ್ತದೆ. ಅವತ್ತು ಹೊತ್ತು ಮುಳುಗುವುದರೊಳಗೆ ಹೊಳೆ ಊರೊಳಗೆ ಬಂದೇ ಬರುತ್ತದೆ. ಅಜ್ಜನ ಕಾಲದಿಂದಲೂ ಹೀಗೆಯೇ. ಆದ್ದರಿಂದ ನಮ್ಮ ಹೆಂಗಸರು ಹಾಸಿಗೆಯಿಂದ ಎದ್ದ ಕೂಡಲೇ ಮೊದಲು ನೋಡುವುದು ದೇವರ ಮುಖವನ್ನಲ್ಲ, ಕೊಡದ ಬಾಯಿಯನ್ನು. ಕುಡಿದವನಿಗೆ ಮಾತ್ರ ದಿನವೂ ನೀರು ವಾಲಿಯೇ ಇರುತ್ತದೆ, ಹಾಗಾಗಿ ಕುಡಿದವರ ಮಾತು ಚಾವಡಿಯಲ್ಲಿ ನಡೆಯುವುದಿಲ್ಲ.

ವಾಲಿದ್ದು ಎಲ್ಲರಿಗೂ ಕಾಣುತ್ತದೆ. ಎಷ್ಟು ವಾಲಿದೆ ಎನ್ನುವುದಕ್ಕೇ ಜಗಳ. ಸಣ್ಣ ಹೊಳೆಯಾದರೆ ಮೊಣಕಾಲುಮಟ್ಟ, ಹೆಚ್ಚೆಂದರೆ ಸೊಂಟದಮಟ್ಟ. ಅಟ್ಟ ಹತ್ತಿ ಕೂತು ಚುರುಮುರಿ ತಿಂದು, ಚೌಕಾಬಾರ ಆಡಿ, ಮರುದಿನ ಇಳಿದು ಕೆಸರು ಬಳಿದರೆ ಮುಗಿಯಿತು. ದೊಡ್ಡದಾದರೆ ಅಟ್ಟವೂ ಉಳಿಯುವುದಿಲ್ಲ, ಗುಡ್ಡಕ್ಕೇ ಹೋಗಬೇಕು. ಗುಡ್ಡಕ್ಕೆ ಹೋಗುವುದೆಂದರೆ ದನ ಬಿಚ್ಚಬೇಕು, ಮುದುಕರನ್ನು ಹೊರಬೇಕು, ಎರಡು ಮೈಲಿ ಕಲ್ಲುದಾರಿ ತುಳಿಯಬೇಕು. ಚಾವಡಿಯ ಕಂಬಕ್ಕೆ ಒಂದು ರೈಲುಕಂಬಿಯ ತುಂಡು ತೂಗುಹಾಕಿದ್ದೇವೆ. ಒಂದೊಂದೇ ಏಟು ಹೊಡೆದರೆ ಅಟ್ಟ, ಜೋಡಿ ಜೋಡಿ ಹೊಡೆದರೆ ಗುಡ್ಡ. ಒಂದು ಹೊಡೆಯಬೇಕೋ ಎರಡು ಹೊಡೆಯಬೇಕೋ ಎನ್ನುವುದರಲ್ಲೇ ಅರ್ಧ ದಿನ ಹೋಗುತ್ತಿತ್ತು. ಒಬ್ಬನ ಪರಾತದಲ್ಲಿ ಮೂರು ಬಟ್ಟು ಕಂಡದ್ದು ಇನ್ನೊಬ್ಬನ ಚರಿಗೆಯಲ್ಲಿ ಒಂದು ಬಟ್ಟೂ ಕಾಣುತ್ತಿರಲಿಲ್ಲ. ಅಗಲ ಪಾತ್ರೆಗೆ ಅಗಲ ಭಯ, ಸಣ್ಣ ಪಾತ್ರೆಗೆ ಸಣ್ಣ ಭಯ.

ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಗೌಂಡಿ ಯಮನೂರಪ್ಪ. ಈ ಊರಿನ ಅರ್ಧ ಮನೆಗಳು ನನ್ನ ಕೈಯಲ್ಲೇ ಎದ್ದಿವೆ. ನನ್ನ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯಷ್ಟೂ ಫರಕು ಸಿಗದು. ನನ್ನ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಒಂದೇ ಒಂದು ಅಡುಗೆಮನೆಯನ್ನು ಬಿಟ್ಟು ಅದು ಸತ್ಯವೂ ಆಗಿತ್ತು.

ಆ ಅಡುಗೆಮನೆ ಕೆಳಗಿನ ಓಣಿಯ ಫಕ್ಕೀರವ್ವನದು. ನಮ್ಮಲ್ಲಿ ನೀರು ವಾಲಿದ ದಿನ ಗೌಂಡಿ ಕೆಲಸ ಮುಟ್ಟುವಂತಿಲ್ಲ. ಯಾಕೆಂದರೆ ನಾವು ನೆಲದ ಮಟ್ಟ ನೋಡುವುದೇ ನೀರಿನಿಂದ. ಲೆವಲ್ ಪೈಪಿನೊಳಗಿನ ನೀರೂ ವಾಲುತ್ತದೆ, ರಸಮಟ್ಟದ ಗಾಜಿನೊಳಗಿನ ಗುಳ್ಳೆಯೂ ಸರಿಯುತ್ತದೆ. ಅವತ್ತು ಹಾಸಿದ ನೆಲ ಸೊಟ್ಟ ಆಗದೆ ಏನಾಗುತ್ತದೆ? ಇದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಹದಿಮೂರು ವರ್ಷದ ಹಿಂದೆ ಒಂದು ಮುಂಜಾನೆ ನಾನು ಹೆಂಡತಿಯೊಡನೆ ಜಗಳಾಡಿ, ಚಹಾ ಕುಡಿಯದೆ, ಮುಖ ಸಹ ತೊಳೆಯದೆ, ನಸುಕಿನಲ್ಲೇ ಕೆಲಸಕ್ಕೆ ಹೊರಟುಬಿಟ್ಟೆ. ಚಹಾ ಕುಡಿದಿದ್ದರೆ ಕಪ್ಪೇ ಹೇಳುತ್ತಿತ್ತು. ಬಕೆಟ್ಟಿನಲ್ಲಾದರೂ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಸಿಟ್ಟಿನಲ್ಲಿದ್ದವನಿಗೆ ಕಣ್ಣು ಎಲ್ಲಿರುತ್ತವೆ, ಸ್ವಾಮಿ?

ಫಕ್ಕೀರವ್ವನ ಗಂಡ ಈರಪ್ಪ ಫರಸಿಕಲ್ಲು ಎತ್ತಿಕೊಡುತ್ತಿದ್ದ, ನಾನು ಪೈಪು ಹಿಡಿದು ಮಟ್ಟ ನೋಡಿ ಹಾಸುತ್ತಿದ್ದೆ. ಖಾರ ಅರೆಯುವ ಒಳಕಲ್ಲನ್ನೂ ನೆಲದಲ್ಲಿ ಹೂತು, ಅದರ ಬಾಯಿಯನ್ನು ಫರಸಿಗೆ ಸಮ ಮಾಡಿ ಕೂರಿಸಿದೆ. ಚಿಕ್ಕ ಅಡುಗೆಮನೆ, ಹೊತ್ತೇರುವುದರೊಳಗೆ ಮುಗಿಯಿತು. ಆಗ ಚಾವಡಿಯ ಕಂಬಿ ಕೇಳಿಸಿತು. ಮೊದಲು ಒಂದೊಂದೇ ಏಟು. ಆಮೇಲೆ ಯಾರೋ ಜಗಳ ತೆಗೆದರು, ಜೋಡಿ ಏಟು ಬಿತ್ತು. ಮತ್ತೆ ನಿಂತಿತು. ಈರಪ್ಪ ನಕ್ಕ. "ಇವರ ಹಣೇಬರಾನ ಇಷ್ಟು. ಸಣ್ಣದ ಇರಬೇಕು ಬಿಡ್ರಿ. ಹಸಿ ನೆಲದ ಮ್ಯಾಲೆ ನಾಯಿ ಅಡ್ಡಾಡಿದ್ರ ನಿಮ್ಮ ಕೆಲಸ ಕೆಡ್ತೈತಿ. ನಾ ಅಟ್ಟದ ಮ್ಯಾಲಿಂದ ಕಾಯ್ತೀನಿ. ನೀವ ಫಕ್ಕೀರೀನ ಕರಕೊಂಡು ನಡೀರಿ," ಎಂದ. ನಾವು ಗುಡ್ಡಕ್ಕೆ ಹೋದೆವು, ಆ ಗಡಿಬಿಡಿಯಲ್ಲಿ ನೆಲದ ಮಟ್ಟ ನನ್ನ ತಲೆಗೇ ಬರಲಿಲ್ಲ. ಅವನು ಉಳಿದ. ಅವತ್ತಿನಷ್ಟು ದೊಡ್ಡ ಹೊಳೆಯನ್ನು ನಮ್ಮೂರು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೂರನೇ ದಿನ ಇಳಿದು ಬಂದಾಗ ಈರಪ್ಪ ಇರಲಿಲ್ಲ. ಫರಸಿ ಇತ್ತು. ಒಂದು ಕಲ್ಲೂ ಅಲುಗಿರಲಿಲ್ಲ. ಕೆಸರು ಬಳಿದು ನೋಡಿದೆ, ಹೊಳೆಯ ಕಡೆಯ ಗೋಡೆಯಿಂದ ಬಾಗಿಲ ಕಡೆಗೆ ನೆಲ ಜಾರಿತ್ತು. ಗಂಡನನ್ನು ಕಳಕೊಂಡು ಮೂಲೆಯಲ್ಲಿ ಕೂತವಳ ಮುಂದೆ ಹೋಗಿ, "ತಂಗೀ, ನಿನ್ನ ಗಂಡ ಜೀವ ಕೊಟ್ಟು ಕಾದ ನೆಲ ಸೊಟ್ಟ ಐತಿ" ಎಂದು ಯಾವ ಬಾಯಲ್ಲಿ ಹೇಳಲಿ? ತಿಂಗಳು ಹೋಗಲಿ ಎಂದುಕೊಂಡೆ. ತಿಂಗಳು ವರ್ಷವಾಯಿತು. ವರ್ಷ ಕಳೆದ ಮೇಲೆ ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವ ಭಯ. ಆ ಮನೆಗೆ ಹೋದರೆ ಕಟ್ಟೆಯ ಮೇಲೆಯೇ ಕೂರುತ್ತಿದ್ದೆ, ಒಳಗೆ ಕಾಲಿಡುತ್ತಿರಲಿಲ್ಲ. ಒಮ್ಮೆ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ ನನ್ನ ಗೋಲಿಯ ಬಡಾಯಿ ನಡೆದಿತ್ತು. ರೊಟ್ಟಿ ಕೊಡಲು ಬಂದಿದ್ದ ಫಕ್ಕೀರವ್ವ ಅದನ್ನು ಕೇಳಿ, "ಹೌದ ಹೌದ, ಯಮನೂರಣ್ಣನ ನೆಲ ಅಂದ್ರ ನೆಲ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು. ಅರ್ಧ ಚಹಾ ಬಿಟ್ಟು ಎದ್ದು ಹೋದೆ.

ಅವಳು ಆಗಲೇ ರೊಟ್ಟಿಯ ಫಕ್ಕೀರವ್ವ ಆಗಿದ್ದಳು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಾರಿ ಉಳಿದದ್ದನ್ನು ಒಣಗಿಸಿ, ಕಟಕ್ ಮಾಡಿ, ಬಟ್ಟೆಯಲ್ಲಿ ಕಟ್ಟಿ, ತಾನೇ ಹೊತ್ತುಕೊಂಡು ಹೋಗಿ ಗುಡ್ಡದ ಮೇಲಿನ ಕೋಣೆಯಲ್ಲಿ ಇಟ್ಟುಬರುತ್ತಿದ್ದಳು. ಆ ಕೋಣೆಯನ್ನು ಊರವರೇ ಕಟ್ಟಿದ್ದೆವು, ಕಟ್ಟಿ ಮರೆತಿದ್ದೆವು. ಅವಳು ಮರೆಯಲಿಲ್ಲ. ಎರಡು ತಿಂಗಳಿಗೊಮ್ಮೆ ಹಳೆಯ ರೊಟ್ಟಿ ಇಳಿಸಿ ದನಕ್ಕೆ ಹಾಕಿ, ಹೊಸದು ಏರಿಸುತ್ತಿದ್ದಳು. ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಕಟ್ಟಿಗೆ, ಬೆಂಕಿಪೆಟ್ಟಿಗೆ, ಕೂಸುಗಳಿಗೆ ಹಳೆ ಸೀರೆಯ ತುಂಡು, ಎಲ್ಲವನ್ನೂ ಓಣಿ ಓಣಿ ಬೇಡಿ ತಂದು ಕೂಡಿಸಿದ್ದಳು. ಕಲ್ಲುದಾರಿಯ ಉದ್ದಕ್ಕೂ ಗೂಟ ಹೊಡೆದು ಹಗ್ಗ ಕಟ್ಟಿಸಿದವಳೂ ಅವಳೇ. ಕಣ್ಣು ಕಾಣದ ಮುದುಕರೂ ಅದನ್ನು ಹಿಡಿದು ಗುಡ್ಡ ಹತ್ತಬಹುದಿತ್ತು. "ಈಕಿಗೆ ಹೊಳಿ ಹುಚ್ಚು ಹಿಡದೈತಿ," ಎಂದು ಗಿರಣಿಯ ಚನ್ನಬಸ್ಯಾ ನಗುತ್ತಿದ್ದ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನೀರು ವಾಲಿತು. ನನ್ನ ಮಗಳು ರೇಣವ್ವ ಒಂಬತ್ತು ದಿನದ ಬಾಣಂತಿ. ಚೊಚ್ಚಲ ಹೆರಿಗೆ, ಎರಡು ದಿನ ಒದ್ದಾಡಿ ಉಳಿದಿದ್ದಳು, ಎದ್ದು ಕೂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಕೂಸು ಒಂದು ಹಿಡಿಯಷ್ಟಿತ್ತು. ಹೊರಗೆ ಜಡಿಮಳೆ. ನನ್ನ ಹೆಂಡತಿ ಸಾವಂತ್ರೆವ್ವ ಬಾಗಿಲಿಗೆ ಅಡ್ಡ ನಿಂತು, "ಈ ಮಳ್ಯಾಗ ಬಾಣಂತೀನ ಗುಡ್ಡ ಹತ್ತಿಸಿದ್ರ ಹೊಳಿ ಬ್ಯಾಡ, ಗಾಳೀನ ಸಾಕು ಆಕೀನ ಕೊಲ್ಲಾಕ. ಸರಿಯಾಗಿ ನೋಡಿ ಹೇಳ್ರಿ, ಸಣ್ಣದೋ ದೊಡ್ಡದೋ?" ಎಂದಳು. ನಾನು ರಸಮಟ್ಟ ತೆಗೆದು ಹೊಸ್ತಿಲ ಮೇಲಿಟ್ಟೆ. ಗುಳ್ಳೆ ಸರಿದು ತುದಿಗೆ ಹೋಗಿ ನಿಂತಿತು. "ಎರಡ ಬಟ್ಟು. ಸಣ್ಣದ," ಎಂದೆ. ನನಗೆ ಸಣ್ಣದೇ ಬೇಕಾಗಿತ್ತು.

ಬಾಣಂತಿ ಮಲಗುವ ಹೊರಸನ್ನು ಅಟ್ಟಕ್ಕೆ ಏರಿಸಿ, ಅಗ್ಗಿಷ್ಟಿಕೆ ಇಟ್ಟು, ಚಾವಡಿಗೆ ಹೋದೆ. ಅಲ್ಲಿ ಜಗಳ ನಡೆದೇ ಇತ್ತು. ನನ್ನನ್ನು ಕಂಡು ಎಲ್ಲರೂ ಸುಮ್ಮನಾದರು. "ಗೌಂಡಿ ಬಂದ, ಕೇಳ್ರಿ," ಎಂದ ಮೌಲಾಸಾಬ. ನಾನು ಎರಡು ಬಟ್ಟು ತೋರಿಸಿದೆ. ಚನ್ನಬಸ್ಯಾ ಕಂಬಿಗೆ ಒಂದೊಂದೇ ಏಟು ಹೊಡೆದ. ಜನ ಸಮಾಧಾನದಿಂದ ಅಟ್ಟಕ್ಕೆ ಏಣಿ ಹಚ್ಚಲು ಹೋದರು.

ಮನೆಗೆ ಬಂದರೆ ಜಗಲಿಯ ಮೇಲೆ ಫಕ್ಕೀರವ್ವ ಗೋಣಿಚೀಲ ಹೊದ್ದು ನಿಂತಿದ್ದಳು. ಸೆರಗಿನಿಂದ ನೀರು ಸುರಿಯುತ್ತಿತ್ತು. ದನಿ ತಗ್ಗಿಸಿ ಹೇಳಿದಳು. "ಯಣ್ಣಾ, ಚಾವಡ್ಯಾಗ ಎಲ್ಲಾರ ಮುಂದ ಹೇಳೂದು ಬ್ಯಾಡಂತ ಇಲ್ಲಿಗೆ ಬಂದೆ. ನಮ್ಮ ಒಳಕಲ್ಲಿನ್ಯಾಗ ಇವತ್ತ ನೀರು ನೆಟ್ಟಗ ನಿಂತೈತಿ."

"ನೆಟ್ಟಗ ನಿಂತ್ರ ಚಲೋ ಆತಲ್ಲ," ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು.

ಅವಳು ನನ್ನ ಮುಖವನ್ನೇ ನೋಡಿದಳು. "ಯಣ್ಣಾ, ಅದು ದಿನಾ ಸೊಟ್ಟ ಇರ್ತೈತಿ. ನಿನಗೂ ಗೊತ್ತೈತಿ, ನನಗೂ ಗೊತ್ತೈತಿ. ಒಮ್ಮೆ ಬಂದು ನೋಡು. ಆಮ್ಯಾಲೆ ನಿನ್ನ ಮನಸ್ಸಿಗೆ ಬಂದಂಗ ಮಾಡು."

ಹನ್ನೆರಡು ವರ್ಷದ ಮೇಲೆ ಆ ಅಡುಗೆಮನೆಯೊಳಗೆ ಕಾಲಿಟ್ಟೆ. ಒಳಕಲ್ಲಿನ ತುಂಬ ನೀರು. ಅದರ ಅಂಚು ಕಲ್ಲಿನ ಬಾಯಿಗೆ ಸುತ್ತಲೂ ಸಮನಾಗಿ, ಒಂದು ಎಳ್ಳಿನಷ್ಟೂ ಹೆಚ್ಚು ಕಡಿಮೆ ಇಲ್ಲದೆ ನಿಂತಿತ್ತು. ಬಗ್ಗಿ ನೋಡಿದೆ. ಹೊಳೆಯ ಕಡೆಯ ಒಳಮೈಯಲ್ಲಿ ಒಂದರ ಮೇಲೊಂದು ಮೊಳೆಯಿಂದ ಗೀರಿದ ಗುರುತುಗಳಿದ್ದವು. ಫಕ್ಕೀರವ್ವ ಬೆರಳಿಟ್ಟು ತೋರಿಸಿದಳು. "ವಾಲಿದ ದಿನ ಕಲ್ಲು ತುಂಬಿಸಿ ಗೀರು ಹಾಕ್ತೀನಿ. ಹೊಳಿ ಇಳದ ಮ್ಯಾಲೆ ಎಲ್ಲಿತನಕ ಬಂದಿತ್ತು ನೋಡಿಕೊಂಡು ಬರ್ತೀನಿ. ಇದು ಬಾವಿಕಟ್ಟಿತನಕ ಬಂದದ್ದು. ಇದು ಗಿರಣಿ ಮೆಟ್ಟಲಾ. ಇದು ಮಸೂತಿ ಬಾಗಲಾ. ಬಾಯಿಮಟ್ಟ ನೀರು ಏರಿದ್ದು ಇವತ್ತ ಮೊದಲ. ಈ ಕಲ್ಲು ನೀ ಕೂಡಿಸಿದ್ದು ಯಾವತ್ತು, ನೆನಪು ಮಾಡಿಕೋ."

ನೆನಪು ಮಾಡಿಕೊಳ್ಳುವುದು ಏನಿತ್ತು? ಆ ಕಲ್ಲನ್ನು ಈರಪ್ಪ ಹೋದ ದಿನದ ನೀರಿಗೆ ಸಮ ಮಾಡಿ ಕೂರಿಸಿದ್ದೆ. ಇವತ್ತಿನ ನೀರು ಅದಕ್ಕೆ ಸಮನಾಗಿದೆ ಎಂದರೆ ಇವತ್ತು ಬರುವುದು ಅದೇ ಹೊಳೆ. ನನ್ನ ರಸಮಟ್ಟದ ಗುಳ್ಳೆ ತುದಿಗೆ ಹೋಗಿ ನಿಂತದ್ದು ಎರಡೇ ಬಟ್ಟು ವಾಲಿದ್ದಕ್ಕಲ್ಲ. ಅದರಾಚೆ ಸರಿಯಲು ಆ ಗಾಜಿನಲ್ಲಿ ಜಾಗವೇ ಇರಲಿಲ್ಲ. ಇಷ್ಟು ವರ್ಷ ಹಿಡಿದ ಸಾಮಾನು, ಇಷ್ಟು ನನಗೆ ಹೊಳೆಯಲಿಲ್ಲ. ಮಗಳು, ಮೊಮ್ಮಗಳು ಅಟ್ಟದ ಮೇಲಿದ್ದರು. ಊರಿನ ಅರ್ಧ ಜನ ನನ್ನ ಎರಡು ಬೆರಳು ನಂಬಿ ಅಟ್ಟ ಹತ್ತಿದ್ದರು.

"ನಾ ಹೇಳಿದ್ರ ಹೊಳಿ ಹುಚ್ಚು ಅಂತಾರ. ನೀ ಹೇಳಿದ್ರ ಕೇಳ್ತಾರ," ಎಂದಳು ಫಕ್ಕೀರವ್ವ. ನನ್ನ ತಪ್ಪನ್ನು ಹೇಳು ಎಂದು ಅವಳು ಅನ್ನಲಿಲ್ಲ. ಅನ್ನದಿದ್ದರೂ ಅದನ್ನು ಹೇಳದೆ ಈ ಮಾತನ್ನು ಯಾರೂ ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮಳೆಯಲ್ಲಿ ಓಡಿದೆ. ಕಂಬಿ ಹಿಡಿದು ಜೋಡಿ ಏಟು ಹೊಡೆದೆ. ಅಟ್ಟದ ಕಿಂಡಿಗಳಿಂದ ತಲೆಗಳು ಹೊರಬಂದವು. ಚನ್ನಬಸ್ಯಾ ಓಡಿ ಬಂದು ನನ್ನ ಕೈ ಹಿಡಿದ. "ತಲಿ ಕೆಟ್ಟೈತೇನೋ ನಿನಗ? ಈಗಿನ್ನೂ ಸಣ್ಣದು ಅಂದಿ!"

"ತಪ್ಪ ಹೇಳಿದೆ," ಎಂದೆ. "ಇದೊಂದ ಅಲ್ಲ, ಹನ್ನೆರಡು ವರ್ಷದಿಂದ ಇನ್ನೊಂದು ತಪ್ಪ ಮುಚ್ಚಿಟ್ಟೀನಿ. ಫಕ್ಕೀರವ್ವನ ಅಡಗಿಮನಿ ನೆಲ ನಾ ಸೊಟ್ಟ ಹಾಸೀನಿ. ದೊಡ್ಡ ಹೊಳಿ ಬಂದ ದಿನ, ವಾಲಿದ ನೀರಿಗೆ ಮಟ್ಟ ಹಿಡದು ಹಾಸೀನಿ. ಆಕಿ ಒಳಕಲ್ಲಿನ್ಯಾಗ ನೀರು ದಿನಾ ಸೊಟ್ಟ ಇರ್ತಿತ್ತು. ಇವತ್ತ ನೆಟ್ಟಗ ನಿಂತೈತಿ. ಅವತ್ತಿನ ಹೊಳೀನ ಇವತ್ತ ಬರಾಕತ್ತೈತಿ. ನನ್ನ ಬಾಣಂತಿ ಮಗಳನ್ನ ಇಳಸಾಕ ಹೊಂಟೀನಿ ನಾ. ನೀವೂ ಇಳೀರಿ."

ಚನ್ನಬಸ್ಯಾ ನನ್ನ ಕೈ ಬಿಟ್ಟ. "ಹಂಗಾದ್ರ ನನ್ನ ಗಿರಣಿ ನೆಲಾನೂ..." ಎಂದು ಶುರುಮಾಡಿದ. ಮೌಲಾಸಾಬ ಅವನ ಮಾತು ಅಲ್ಲಿಗೇ ಕಡಿದ. "ಏ ಚನ್ನಬಸ್ಯಾ, ನನ್ನ ಕೆಲಸ ಚಲೋ ಅಂತ ಸುಳ್ಳ ಹೇಳೂ ಗೌಂಡಿಗೋಳನ್ನ ಬೇಕಾದಷ್ಟು ನೋಡೀನಿ. ನನ್ನ ಕೆಲಸ ಸೊಟ್ಟ ಅಂತ ಸುಳ್ಳ ಹೇಳೂ ಗೌಂಡಿ ಎಲ್ಲಿರ್ತಾನ? ನಡೀರಿ ಗುಡ್ಡಕ್ಕ!" ಎಂದವನೇ ಹೋಟೆಲಿನ ಒಲೆಗೆ ನೀರು ಸುರಿದು, ಹಾಲಿನ ಪಾತ್ರೆಯನ್ನು ಕೆಲಸದ ಹುಡುಗನ ಹೆಗಲಿಗೇರಿಸಿದ.

ಆಮೇಲೆ ನಮ್ಮೂರನ್ನು ನೀವು ನೋಡಬೇಕಿತ್ತು. ಜಗಳಾಡುವಾಗ ನಾವು ನಾಯಿಗಳೇ ಸರಿ, ಆದರೆ ಹೊರಟೆವೆಂದರೆ ಹೊರಟೆವು. ದನಗಳ ಕಣ್ಣಿ ಕಳಚಿದರು. ಮುದುಕಿಯರನ್ನು ಬೆನ್ನಿಗೆ ಕಟ್ಟಿಕೊಂಡರು. ಸಾವಂತ್ರೆವ್ವ ಕೂಸನ್ನು ಒಡಲಿಗೆ ಕಟ್ಟಿಕೊಂಡು, ಮೇಲೆ ಕಂಬಳಿ ಹೊದ್ದು ಮುಂದೆ ನಡೆದಳು. ರೇಣವ್ವನ ಹೊರಸಿನ ಒಂದು ಕಾಲನ್ನು ನಾನು ಹಿಡಿದೆ, ಇನ್ನೊಂದನ್ನು ಮೌಲಾಸಾಬ, ಹಿಂದಿನದನ್ನು ಅವನ ತಮ್ಮ. ನಾಲ್ಕನೆಯದಕ್ಕೆ ಬಂದವನು ಚನ್ನಬಸ್ಯಾ. "ಅಪ್ಪಾ, ಸಾವಕಾಶ," ಎಂದು ಮಗಳು ನರಳಿದರೆ, "ಸೊಟ್ಟ ಹಿಡದಾನವ್ವಾ ನಿಮ್ಮಪ್ಪ, ನಾವೇನು ಮಾಡೂಣು," ಎಂದು ಬೈಯುತ್ತಲೇ ಹೊತ್ತ. ಜಾರುವ ಕಲ್ಲುದಾರಿಯಲ್ಲಿ ಫಕ್ಕೀರವ್ವನ ಹಗ್ಗ ಹಿಡಿದೇ ಎಲ್ಲರೂ ಹತ್ತಿದೆವು. ಅದು ಇಲ್ಲದಿದ್ದರೆ ಹೊರಸು ಮೇಲೆ ಮುಟ್ಟುತ್ತಿರಲಿಲ್ಲ.

ಫಕ್ಕೀರವ್ವ ಕೊನೆಗೆ ಬಂದಳು. ಹಿಂದೆ ಉಳಿದವರ ಮನೆ ಮನೆ ಬಾಗಿಲು ಬಡಿದು, ಬಾರೆನೆಂದ ಇಬ್ಬರು ಮುದುಕರನ್ನು ಬೈದು ಎಬ್ಬಿಸಿ, ಎಲ್ಲರನ್ನೂ ಮುಂದೆ ಹಾಕಿಕೊಂಡು ಬಂದಳು. ಬಂದವಳೇ ಕೂರಲಿಲ್ಲ. ಒಣ ಕಟ್ಟಿಗೆ ತೆಗೆದು ಒಲೆ ಹೊತ್ತಿಸಿ, ಬಾಣಂತಿಗೆ ಬಿಸಿನೀರು ಕಾಸಿ, ಕಟಕ್ ರೊಟ್ಟಿ ಮುರಿದು ಮೌಲಾಸಾಬನ ಹಾಲಿನಲ್ಲಿ ನೆನೆಸಿ ಉಣ್ಣಿಸಿದಳು. ಇಷ್ಟು ವರ್ಷ ನಾವು ಹುಚ್ಚು ಎಂದದ್ದನ್ನೇ ಅವತ್ತು ಮುನ್ನೂರು ಜನ ಉಂಡೆವು.

ಹೊತ್ತು ಇಳಿಯುವಾಗ ಮಳೆ ನಿಂತು, ಮೋಡದ ಸಂದಿಯಿಂದ ಬಿಸಿಲು ಬಿತ್ತು. ಹೊಳೆ ಬಂದದ್ದು ಗುಡ್ಡದ ಮೇಲಿಂದ ಚೆನ್ನಾಗಿ ಕಾಣಿಸಿತು. ಬಾವಿಕಟ್ಟೆ ಹೋಯಿತು, ಗಿರಣಿಯ ಮೆಟ್ಟಿಲು ಹೋದವು, ಮಸೀದಿಯ ಬಾಗಿಲು ಹೋಯಿತು. ಫಕ್ಕೀರವ್ವ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಗೀರುಗಳನ್ನು ಒಂದೊಂದಾಗಿ ದಾಟುತ್ತಿದ್ದ ನೀರನ್ನು ನೋಡಿ ಅವಳ ತುಟಿ ನಡುಗಿದವು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂರನೇ ದಿನ ಇಳಿದೆವು. ನಮ್ಮೂರಿನ ಒಂದು ಜೀವವೂ ಹೋಗಿರಲಿಲ್ಲ. ನಾನು ಮನೆಯೊಳಗೆ ಹೋಗಿ ಏಣಿ ಹತ್ತಿ ನೋಡಿದೆ. ಅಟ್ಟದ ಗೋಡೆಯ ಮೇಲೆ ಕೆಸರಿನ ಗೆರೆ ಇತ್ತು. ಬಾಣಂತಿಯ ಹೊರಸು ಇಟ್ಟಿದ್ದ ಜಾಗದಲ್ಲಿ ಮೊಳಕೈಯೂರಿ ಅಳೆದೆ, ನೆಲದಿಂದ ಗೆರೆಗೆ ಸರಿಯಾಗಿ ಎರಡು ಮೊಳ. ಸಾವಂತ್ರೆವ್ವ ಕೆಳಗಿನಿಂದ, "ಎಷ್ಟೈತ್ರಿ?" ಎಂದು ಕೇಳಿದಳು. ಅವಳು ತಾನೇ ಏಣಿ ಹತ್ತಿ ಬಂದು ನೋಡಿದಳು, ನೋಡಿ ನನ್ನ ಹೆಗಲು ಹಿಡಿದುಕೊಂಡು ಕೂತುಬಿಟ್ಟಳು.

ಮರುದಿನ ಕರಣಿ, ಸಿಮೆಂಟು ತೆಗೆದುಕೊಂಡು ಫಕ್ಕೀರವ್ವನ ಮನೆಗೆ ಹೋದೆ. "ತಂಗೀ, ಈ ಫರಸಿ ಕಿತ್ತು ಸರಿ ಮಾಡಿಕೊಡ್ತೀನಿ. ಇಷ್ಟು ವರ್ಷ ಸೊಟ್ಟ ನೆಲದ ಮ್ಯಾಲೆ ಕುಂತು ರೊಟ್ಟಿ ಬಡದಿ, ಸೊಂಟ ಹೋಗಿರಬೇಕು ನಿಂದು," ಎಂದೆ. ಅವಳು ಒಳಕಲ್ಲಿಗೆ ಅಡ್ಡ ಕೂತಳು.

"ಮುಟ್ಟಿದ್ರ ಕೈ ಮುರೀತೀನಿ, ನೋಡು! ಸರಿ ಮಾಡಿಸೋದಿದ್ರ ಮೊದಲನೇ ವಾರಾನ ಹೇಳ್ತಿದ್ದೆ. ಹಿಟ್ಟಿನ ಉಂಡಿ ಇಟ್ರ ಬಾಗಲದತನಕ ಉರುಳ್ತಿತ್ತು, ನನಗ ಗೊತ್ತಾಗೂದಿಲ್ಲೇನು?"

"ಮತ್ತ ಯಾಕ ಸುಮ್ಮನಿದ್ದಿ?"

ಅವಳು ನೆಲವನ್ನು ಕೈಯಿಂದ ಸವರಿದಳು. "ನಮ್ಮ ಮನಿಯವರು ಸಣ್ಣದ ಇರಬೇಕು ಅಂತ ಉಳದ್ರು. ಇರಬೇಕು ಅಂತ ಇನ್ನೊಬ್ಬರು ಉಳೀಬಾರದು ಅಂತ ನನಗಿತ್ತು. ಅವತ್ತಿನ ಹೊಳಿ ಅಳತಿ ಊರಾಗ ಮತ್ತೆಲ್ಲಿ ಐತಿ, ಯಣ್ಣಾ? ನಿನ್ನ ಕೈಯಾಗ ತಪ್ಪಿ ನಮ್ಮನ್ಯಾಗ ಉಳದೈತಿ. ನೀ ಸರಿ ಮಾಡಿದ್ರ ಅದೂ ಹೋಗ್ತಿತ್ತು." ಅಷ್ಟು ಹೇಳಿ ಮೊಳೆಯನ್ನು ನನ್ನ ಕೈಗೆ ಕೊಟ್ಟಳು. "ಮೊನ್ನಿಂದು ಹಾಕಿಲ್ಲ. ನೀನ ಹಾಕು."

ಕಲ್ಲಿನ ಬಾಯಿಯ ಅಂಚಿಗೇ ಒಂದು ಗೀರು ಹಾಕಿದೆ. ಅದೂ ಸ್ವಲ್ಪ ಸೊಟ್ಟಗೆ ಬಂತು. ಫಕ್ಕೀರವ್ವ ನಕ್ಕಳು. ನಾನೂ ನಕ್ಕೆ, ನಗುತ್ತಲೇ ನನ್ನ ಕಣ್ಣು ತುಂಬಿದವು.

ಈಗ ನಮ್ಮೂರಲ್ಲಿ ಕಂಬಿ ಹೊಡೆಯುವ ಮುಂಚೆ ಯಾರೂ ನನ್ನ ಮುಖ ನೋಡುವುದಿಲ್ಲ. ಫಕ್ಕೀರವ್ವನ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅವಳು ಗೀರು ನೋಡಿ ಒಂದು ಎಂದರೆ ಒಂದು, ಎರಡು ಎಂದರೆ ಎರಡು. ಜಗಳ ನಿಂತುಹೋಯಿತು. ಹೊತ್ತು ಹೋಗದ ಚನ್ನಬಸ್ಯಾನಿಗೆ ಅದೊಂದೇ ಬೇಸರ. ರೇಣವ್ವನ ಕೂಸು ಈಗ ಗೋಡೆ ಹಿಡಿದು ನಡೆಯುತ್ತಾಳೆ. ಆ ಅಡುಗೆಮನೆಯ ಹೊಳೆ ಕಡೆಯ ಗೋಡೆಗೆ ಕೂತು ನಿಂಬೆಹಣ್ಣು ಬಿಡುತ್ತಾಳೆ, ಅದು ಬಾಗಿಲತನಕ ತಾನೇ ಉರುಳಿ ಹೋಗುವುದನ್ನು ನೋಡಿ ಕೇಕೆ ಹಾಕುತ್ತಾಳೆ. ನಾನು ಅವಳನ್ನು ಎತ್ತಿಕೊಂಡು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅಲ್ಲಿಗೆ ಹೋಗುತ್ತೇನೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಒಳಕಲ್ಲಿನಲ್ಲಿ ನೀರು ಬಾಗಿಲ ಕಡೆ ಏರಿ, ಹೊಳೆ ಕಡೆ ಇಳಿದು ಸೊಟ್ಟಗೆ ನಿಂತಿರುವುದನ್ನು ನೋಡುತ್ತೇನೆ. ನನ್ನ ತಪ್ಪು ಇವತ್ತೂ ತಪ್ಪಾಗಿಯೇ ಇದೆ ಎಂದು ಖಾತ್ರಿ ಮಾಡಿಕೊಂಡು, ಫಕ್ಕೀರವ್ವ ಕೊಟ್ಟ ಚಹಾ ಕುಡಿದು, ಕೆಲಸಕ್ಕೆ ಹೋಗುತ್ತೇನೆ.